ಹತ್ತು ತಿಂಗಳ ಚಿಗವ್ವ

1988ರ ಮಾರ್ಚ್ ಎರಡನೆಯ ವಾರ, ಗುಲ್ಬರ್ಗಾದಿಂದ ಸಮಾಜ ಕಾರ್ಯಕರ್ತೆ ಕರೀಮುನ್ನಿಸಾ ಒಂದು ದತ್ತಕದ ವಿಚಾರಣೆಗೆ ಅತನೂರಿಗೆ ಬಂದಳು. ಬಸವಂತರಾಯನ ಮನೆಯ ಪಡಸಾಲೆಯಲ್ಲಿ ಕೂತು, ದೊಡ್ಡವರನ್ನು ಬಿಟ್ಟು ಮೊದಲು ಮಗುವನ್ನೇ ಮಾತಾಡಿಸಿದಳು.

"ನಿಮ್ಮವ್ವ ಎಲ್ಲಿ ಅದಾಳವಾ?"

ಎರಡು ವರ್ಷ ನಾಲ್ಕು ತಿಂಗಳಿನ ಮಹಾನಂದಾ ಗೋಡೆಯ ಮೇಲಿದ್ದ ಫೋಟೋದ ಕಡೆ ಬೆರಳು ಮಾಡಿದಳು. ಕರೀಮುನ್ನಿಸಾ ಫೋಟೋ ನೋಡಿದಳು, ಕೈಯಲ್ಲಿದ್ದ ಕಾಗದ ನೋಡಿದಳು. ಆಮೇಲೆ ದನಿ ತಗ್ಗಿಸಿ ಬಸವಂತರಾಯನನ್ನು ಕೇಳಿದಳು: "ನಿಮ್ಮ ಮನಿಯವರು ಗಂಗಾಬಾಯಿ ತೀರಿಕೊಂಡು ಎಷ್ಟು ದಿವಸ ಆತ್ರಿ? ನಮ್ಮ ಕಾಗದದಾಗ ಇದನ್ನ ಬರದೇ ಇಲ್ಲ."

ಗಂಗಾಬಾಯಿ ಆಗ ಚಹಾದ ತಾಟು ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿದ್ದಳು. ತನ್ನ ಸಾವಿನ ವಿಚಾರಣೆ ಕಿವಿಗೆ ಬಿದ್ದಾಗ ಏನು ಮಾಡಬೇಕೋ ತೋಚದೆ, ಮೊದಲು ತಾಟನ್ನು ಕೆಳಗಿಟ್ಟಳು.

"ಗಂಗಾಬಾಯಿ ನಾನ್ರಿ."

"ಮತ್ತ ಆ ಫೋಟೋದಾಗಿನವರು?"

"ನಮ್ಮಕ್ಕ ಸುಮಿತ್ರಾಬಾಯಿರಿ. ಕೆನಡಾದಾಗ ಇರ್ತಾಳ."

"ಗಟ್ಟಿಮುಟ್ಟ ಅದಾಳ್ರಿ ಆಕಿ," ಎಂದು ಬಾಗಿಲ ಬಳಿ ಕೂತಿದ್ದ ಅತ್ತೆ ಸುಭದ್ರಾಬಾಯಿ ಸೇರಿಸಿದಳು. "ಬಂದ ಕೂಡ್ಲೆ ಸಾಯೂ ಮಾತು ಯಾಕ ತಗೀತೀರಿ ಬಾಯಾರ, ಚಹಾ ಕುಡೀರಿ."

ಅಷ್ಟರಲ್ಲಿ ಮಹಾನಂದಾ ಗಂಗಾಬಾಯಿಯ ಸೀರೆ ಜಗ್ಗಿದಳು. "ಚಿಗವ್ವಾ, ನನಗ ಬಿಸ್ಕೀಟ."

ಕರೀಮುನ್ನಿಸಾ ಬಿಚ್ಚಿದ್ದ ಪೆನ್ನನ್ನು ಮತ್ತೆ ಮುಚ್ಚಿದಳು. "ಹೆತ್ತಾಕಿಗೆ ಚಿಗವ್ವ ಅಂತಾಳ, ಫೋಟೋಕ್ಕ ಅವ್ವ ಅಂತಾಳ. ನನಗ ಸ್ವಲ್ಪ ಬಿಡಿಸಿ ಹೇಳ್ರಿ."

ಬಿಡಿಸಿ ಹೇಳುವುದು ಕಷ್ಟವೇನಿರಲಿಲ್ಲ. ಗಂಗಾಬಾಯಿಯ ತವರು ಕಿಣ್ಣಿ ಸುಲ್ತಾನ. ತಾಯಿ ಸತ್ತಾಗ ಅವಳಿಗೆ ಆರು ವರ್ಷ. ತಲೆ ಹಿಕ್ಕಿ, ಹೆರಳು ಹಾಕಿ, ಉಣಿಸಿ ಬೆಳೆಸಿದವಳು ಅಕ್ಕ. ಆ ಅಕ್ಕ ಡಾಕ್ಟರನನ್ನು ಮದುವೆಯಾಗಿ ಕೆನಡಾಕ್ಕೆ ಹೋಗಿ ಹನ್ನೊಂದು ವರ್ಷವಾದರೂ ಮಕ್ಕಳಾಗಿರಲಿಲ್ಲ. ಹಿಂದಿನ ಬಸವ ಜಯಂತಿಗೆ ಒಬ್ಬಳೇ ಬಂದವಳು, ತಂಗಿಯ ಮೂವರು ಮಕ್ಕಳಲ್ಲಿ ಕೊನೆಯದನ್ನು ಕೇಳಿದಳು. ಐದು ಮಂದಿ ಹಿರಿಯರ ಮುಂದೆ, ಮಠದ ಸ್ವಾಮಿಗಳ ಮುಂದೆ, ತೆಂಗಿನಕಾಯಿ ಮತ್ತು ಕುಪ್ಪಸದ ಖಣದ ಜೊತೆ ಗಂಗಾಬಾಯಿ ಮಗುವನ್ನು ಎತ್ತಿ ಅಕ್ಕನ ಉಡಿಯಲ್ಲಿ ಹಾಕಿದಳು. ಊರು ಹೋಳಿಗೆ ಉಂಡಿತು. ಹನ್ನೆರಡು ದಿನಕ್ಕೆ ಅಕ್ಕ ಕಾಗದಪತ್ರ ಮಾಡಿಸುವುದಕ್ಕೆಂದು ಹೋದಳು. ಮಗು ಇಲ್ಲೇ ಉಳಿಯಿತು.

ಮಾರನೆಯ ದಿನವೇ ಸುಭದ್ರಾಬಾಯಿ ಫೋಟೋ ಕಟ್ಟು ಹಾಕಿಸಿ ತಂದಳು. ನಾಳೆ ಆ ಊರಿಗೆ ಹೋಗಿ ಮಗು ಅಳಬಾರದು, ಫೋಟೋದವಳು ಅವ್ವ, ಗಂಗಾ ಚಿಕ್ಕಮ್ಮ ಎಂದು ಈಗಿನಿಂದಲೇ ರೂಢಿಯಾಗಲಿ ಎಂದಳು. ಅದರಲ್ಲಿ ಕೆಟ್ಟದ್ದೇನೂ ಯಾರಿಗೂ ಕಾಣಲಿಲ್ಲ. ಹದಿನೆಂಟು ತಿಂಗಳ ಮಗುವಿಗೆ ಹೊಸ ಮಾತು ಕಲಿಯಲು ಒಂದು ವಾರ ಸಾಕಾಯಿತು. ಗಂಗಾಬಾಯಿಗೆ ಚಿಗವ್ವ ಎಂಬ ಮಾತಿಗೆ ಓಗೊಡುವುದನ್ನು ಕಲಿಯಲು ಮೂರು ತಿಂಗಳು ಬೇಕಾಯಿತು. ಕಲಿತ ಮೇಲೆ ಚೆನ್ನಾಗಿಯೇ ಕಲಿತಳು. ಮಗುವಿನ ಕಿವಿ ಚುಚ್ಚಿಸಬಹುದೇ ಎಂದು ಕೆನಡಾಕ್ಕೆ ಪತ್ರ ಬರೆದು ಕೇಳಿದಳು. ಉತ್ತರ ಬರಲು ಐದು ವಾರ ಹಿಡಿಯಿತು.

ಎಲ್ಲ ಕೇಳಿಸಿಕೊಂಡು ಕರೀಮುನ್ನಿಸಾ, "ಅವರ ಯಜಮಾನ್ರು ಬಂದಿದ್ರೇನು?" ಎಂದಳು.

"ಅವರಿಗೆ ರಜಾ ಸಿಗಲಿಲ್ರಿ," ಎಂದ ಬಸವಂತರಾಯ.

"ಹಂಗಾದ್ರ ದತ್ತಕ ಆಗಿಲ್ರಿ. ಲಗ್ನಾದ ಹೆಣ್ಣುಮಗಳು ತಾ ಒಬ್ಬಾಕಿನ ದತ್ತಕ ತಗೊಳ್ಳಾಕ ಕಾಯ್ದೆದಾಗ ಬರೂದಿಲ್ಲ. ಗಂಡ ತಗೋಬೇಕು, ಹೆಂಡತಿ ಹೂಂ ಅನ್ನಬೇಕು. ಮ್ಯಾಲ ಕೆನಡಾದವರ ಕಾಯ್ದೆ ಬ್ಯಾರೆ ಅದ. ಅಲ್ಲಿಯವರು ನಿಮ್ಮನ್ನ ಮಾತಾಡಿಸಿ ಬರದು ಕಳಸ್ರಿ ಅಂತ ನಮಗ ಹೇಳ್ಯಾರ. ಇವತ್ತಿಗಿ ಶುರು ಆತು ಅಂತ ತಿಳೀರಿ."

"ಅಂದ್ರ ಉಡ್ಯಾಗ ಹಾಕಿದ್ದು ಸುಳ್ಳಾತೇನು?" ಎಂದಳು ಸುಭದ್ರಾಬಾಯಿ.

"ಸುಳ್ಳು ಅಂತ ನಾ ಎಲ್ಲಿ ಅಂದೆ ಅವ್ವಾರ? ಕಾಗದದಾಗ ಇಲ್ಲ ಅಂದೆ."

ಗಂಗಾಬಾಯಿ ಮಗುವಿನ ಕೈಗೆ ಬಿಸ್ಕೀಟು ಕೊಟ್ಟು ನೆಟ್ಟಗಾದಳು. "ಹಂಗಾದ್ರ ಈ ಹತ್ತು ತಿಂಗಳು ಈಕಿ ಯಾರ ಮಗಳ್ರಿ?"

"ನಿಮ್ಮ ಮಗಳು. ಇವತ್ತೂ ನಿಮ್ಮ ಮಗಳ."

ಈ ಮಾತಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅವಳಿಗೆ ಲೆಕ್ಕವೇ ಹತ್ತಲಿಲ್ಲ. ಶ್ರಾವಣದಲ್ಲಿ ಮಗುವಿಗೆ ಮೂರು ದಿನ ಜ್ವರ ಬಂದಾಗ ಎದೆಗೊತ್ತಿಕೊಂಡು ಕೂತು, ಪರರ ಮಗು, ಏನಾದರೂ ಆದರೆ ಅಕ್ಕನಿಗೆ ಏನು ಹೇಳಲಿ ಎಂದು ಹೆದರಿದ್ದಳು. ಹಾಗೆ ಹೆದರಿದ್ದು ತಪ್ಪೋ, ಈಗ ತನ್ನದೆಂದು ತಿಳಿದ ಮೇಲೆ ಮತ್ತೆ ಕೊಡುವುದು ತಪ್ಪೋ? ಒಮ್ಮೆ ಕೊಟ್ಟದ್ದನ್ನೇ ಇನ್ನೊಮ್ಮೆ ಕೊಡಬೇಕಂತೆ.

ಕರೀಮುನ್ನಿಸಾ ಹಾಳೆ ತಿರುವಿದಳು. "ಯಾಕ ಕೊಡ್ತೀರಿ ಅಂತ ಬರೀಬೇಕ್ರಿ."

ಬಸವಂತರಾಯ, ಸರಕಾರ ಮನೆ ನೋಡಲು ಬರುತ್ತದೆಂದು ವಾರದ ಹಿಂದೆಯೇ ಗೋಡೆಗೆ ಸುಣ್ಣ ಹೊಡೆಸಿದ್ದ. ಹೊಲದ ಪಹಣಿಯನ್ನೂ ತೆಗೆದಿಟ್ಟಿದ್ದ. ಅದನ್ನು ಈಗ ಮುಂದೆ ಸರಿಸಿದ. ಕರೀಮುನ್ನಿಸಾ ಓದಿದಳು.

"ಇಪ್ಪತ್ತೆರಡು ಎಕರೆ, ಬಾವಿ ಅದ. ಸಾಕಾಕ ಆಗೂದಿಲ್ಲ ಅಂತ ಬರೀಲೇನ್ರಿ?"

"ಏ, ಹಂಗ ಬರೀಬ್ಯಾಡ್ರಿ. ಬೀಗರು ಕೇಳಿದ್ರ ನಗ್ತಾರ."

"ಹೆಣ್ಣು ಅಂತ ಕೊಡ್ತೀರೇನು?"

"ಛೇ, ಛೇ. ಹೆಣ್ಣ ಬೇಕು ಅಂತ ಅವರ ಕೇಳ್ಯಾರ."

"ಹಂಗಾದ್ರ ಯಾಕ?"

ಬಸವಂತರಾಯ ತಾಯಿಯ ಕಡೆ ನೋಡಿದ. ಸುಭದ್ರಾಬಾಯಿ ಎಲೆ ಅಡಿಕೆಯ ಚೀಲದಲ್ಲಿ ಏನೋ ಹುಡುಕತೊಡಗಿದಳು.

"ಅಕ್ಕ ಕೇಳಿದ್ಳ್ರಿ," ಎಂದಳು ಗಂಗಾಬಾಯಿ. "ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

"ಈಗ ಕೇಳಿದ್ರ?"

"ಕೊಡ್ತಾಳ್ರಿ," ಎಂದ ಬಸವಂತರಾಯ. "ಮಂದಿ ಮುಂದ ಕೊಟ್ಟ ಮಾತದು."

"ನಿಮ್ಮ ಹಾಳಿ ಬ್ಯಾರೆ ಅದ ಯಜಮಾನ್ರ. ಇದು ಅವರ ಹಾಳಿ."

ಕೊಡುವುದಿಲ್ಲ ಎಂದರೆ, ಹೆರಳು ಹಾಕಿದ ಆ ಕೈಗಳು ಗಂಗಾಬಾಯಿಗೆ ಕಣ್ಣೆದುರು ಬರುತ್ತಿದ್ದವು. ಕೊಡುತ್ತೇನೆ ಎನ್ನಲು ಹೋದರೆ, ಸೀರೆಯ ಸೆರಗಿಗೆ ಬಿಸ್ಕೀಟಿನ ಪುಡಿ ಒರೆಸುತ್ತಿದ್ದ ಸಣ್ಣ ಕೈ ಇಲ್ಲೇ ಇತ್ತು.

"ನನಗ ತಿಳೀವಲ್ದ್ರಿ," ಎಂದಳು.

"ಹಂಗ ಬರೀಲೇನು?"

"ಹಂಗ ಬರದ್ರ ನಡೀತದೇನ್ರಿ?"

"ನೀವು ಹೇಳಿದ್ದು ಬರಿಯೂದ ನನ್ನ ಕೆಲಸ. ಮೂರು ತಿಂಗಳಿಗಿ ಮತ್ತ ಬಂದು ಕೇಳ್ತೇನಿ."

ಅವಳು ಬರೆದು ಓದಿದಳು: "ಮಗುವಿನ ತಾಯಿ ಗಂಗಾಬಾಯಿ. ಮಗುವನ್ನು ಕೊಡಬೇಕೋ ಬೇಡವೋ ಎಂಬುದು ತನಗೆ ಈ ದಿನ ತಿಳಿಯದು ಎಂದು ಹೇಳಿದ್ದಾರೆ." ಸಹಿ ಮಾಡುವ ಜಾಗ ತೋರಿಸಿದಳು.

"ಗಂಗಾ, ವಿಚಾರ ಮಾಡಬೇ," ಎಂದಳು ಸುಭದ್ರಾಬಾಯಿ.

ಗಂಗಾಬಾಯಿ ಅರ್ಧ ಹೆಸರು ಬರೆದು ನಿಲ್ಲಿಸಿದಳು. "ಬಾಯಾರ, ಈ ಹಾಳಿ ಅಕ್ಕನೂ ಓದ್ತಾಳೇನ್ರಿ?"

"ಓದ್ತಾರ."

ಹನ್ನೊಂದು ವರ್ಷ ಕಾದವಳು ಈ ಎರಡು ಸಾಲನ್ನು ಎಲ್ಲಿ ಕೂತು ಓದುತ್ತಾಳೋ, ಓದಿ ಏನು ಮಾಡುತ್ತಾಳೋ, ಗಂಗಾಬಾಯಿಗೆ ಊಹಿಸಲಾಗಲಿಲ್ಲ. ಆ ಮನೆಯನ್ನು ಅವಳು ಕಂಡೇ ಇರಲಿಲ್ಲ. ಪೆನ್ನನ್ನು ಸರಿಯಾಗಿ ಹಿಡಿದುಕೊಂಡು, ಹೆಸರಿನ ಉಳಿದ ಎರಡು ಅಕ್ಷರಗಳನ್ನು ಬರೆದಳು.