ಹಲ್ಲಿನ ಲಾಟರಿ

ದ್ವಾರಕಾನಾಥ ಐಸ್-ಹಾಕಿ ಆಟದ ತಂಡವೊಂದನ್ನು ಕೊಂಡದ್ದು ತೊಂಬತ್ತೊಂಬತ್ತರ ಬೇಸಿಗೆಯಲ್ಲಿ. ಆ ವರ್ಷ, ಎರಡು ಸಾವಿರ ಇಸವಿ ಬಂದರೆ ಕಂಪ್ಯೂಟರುಗಳು ಕೆಡುತ್ತವೆಂಬ ವೈಟೂಕೆ ಗಾಬರಿಯಲ್ಲಿ, ಅಮೆರಿಕದ ಕಂಪನಿಗಳಿಗೆಲ್ಲ ಪ್ರೋಗ್ರಾಮರುಗಳು ಬೇಕಾಗಿದ್ದರು. ಅವರನ್ನು ಬೆಂಗಳೂರಿಂದ ಕರೆಸಿ ಒದಗಿಸುತ್ತಿದ್ದ ದ್ವಾರಕಾನಾಥ ಅಲ್ಲಿನ ಎಡಿಸನ್ ಊರಿನಲ್ಲಿ ದೊಡ್ಡ ಮನುಷ್ಯನಾಗಿಬಿಟ್ಟಿದ್ದ. ರ್‍ಯಾರಿಟನ್ ಒಟರ್ಸ್ ಎಂಬ ಆ ತಂಡ ಕೆಳದರ್ಜೆಯ ಲೀಗಿನದು. ಆದರೂ ಆಟಗಾರರು ಸಂಬಳಕ್ಕೆ ಆಡುವವರೇ. "ನಮ್ಮೋರಲ್ಲಿ ಯಾರಿಗಿದೆ ರೀ ಹಾಕಿ ಟೀಮು?" ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ನಳಿನಾಕ್ಷಿ ಧಾರವಾಡದವಳು, ಪಕ್ಕದ ಐಸೆಲಿನ್‌ನಲ್ಲಿ ಹಲ್ಲಿನ ಡಾಕ್ಟರು. ಮ್ಯಾಚಿನ ದಿನ ಐಸಿನ ಅಂಕಣದ ಬಳಿ ಇದ್ದು ಪೆಟ್ಟು ತಿಂದವರ ಹಲ್ಲು ನೋಡಿದರೆ ಸಾಕು ಎಂದು ಅವಳನ್ನು ಒಪ್ಪಿಸಿದ. ಪುಕ್ಕಟೆ ಸೀಟು ಸಿಗುತ್ತದೆಂದು ಅವಳ ಗಂಡ ವೀರೇಂದ್ರನೂ ಹುರಿದುಂಬಿಸಿದ.

ತಂಡ ಸೋಲಲಿಕ್ಕೇ ಹುಟ್ಟಿದಂತಿತ್ತು. ಕ್ರಿಸ್‌ಮಸ್ ಹೊತ್ತಿಗೆ ಇಪ್ಪತ್ತಾರು ಮ್ಯಾಚಿನಲ್ಲಿ ಗೆದ್ದದ್ದು ನಾಲ್ಕು. ಗೋಲ್‌ಕೀಪರ್ ಹೇಳದೆ ಕೇಳದೆ ಬಿಟ್ಟುಹೋದ, ಕೋಚ್ ಎರಡು ಸಲ ಬದಲಾದ. ಡ್ರೆಸಿಂಗ್ ರೂಮಿನಲ್ಲಿ ಒಣಗದ ಬೆವರು, ನೋವಿನ ಮುಲಾಮು, ಬಿಯರಿನ ವಾಂತಿ ಎಲ್ಲ ಸೇರಿದ ನಾತ. ಮನೆಗೆ ಬಂದು ತಲೆಸ್ನಾನ ಮಾಡಿದರೂ ಅದು ನಳಿನಾಕ್ಷಿಯ ಮೂಗು ಬಿಡುತ್ತಿರಲಿಲ್ಲ. ಸ್ಟ್ಯಾಂಡು ಖಾಲಿ ಕಾಣಬಾರದೆಂದು ದ್ವಾರಕಾನಾಥ ತನ್ನ ಕಂಪನಿಯಲ್ಲಿ ಪ್ರಾಜೆಕ್ಟ್ ಸಿಗದೆ ಕೂತಿದ್ದ ಪ್ರೋಗ್ರಾಮರುಗಳನ್ನು ವ್ಯಾನಿನಲ್ಲಿ ತುಂಬಿ ತರುತ್ತಿದ್ದ. ಅವರ ವೀಸಾ ಅವನ ಕೈಯಲ್ಲಿತ್ತು. ನಿಯಮ ಗೊತ್ತಿಲ್ಲದ ಆಟಕ್ಕೆ ಅವರು ನಡುಗುತ್ತ ಕೂಗುತ್ತಿದ್ದರು.

ಜನ ನಿಜವಾಗಿ ಎದ್ದು ನಿಲ್ಲುವುದು ಗುದ್ದಾಟಕ್ಕೆ ಮಾತ್ರ ಎಂಬುದು ದ್ವಾರಕಾನಾಥನಿಗೆ ಬೇಗ ಹೊಳೆಯಿತು. ತಂಡದಲ್ಲಿ ಡ್ವೇನ್ ಎಂಬವನಿದ್ದ. ಕೆನಡಾದ ಗೋಧಿ ಬೆಳೆಯುವ ಸೀಮೆಯವನು, ಮೂವತ್ತರ ಹತ್ತಿರ. ಅವನು ಗೋಲು ಹೊಡೆದದ್ದನ್ನು ಯಾರೂ ನೋಡಿರಲಿಲ್ಲ. ಗ್ಲವ್ಸ್ ಬಿಸಾಕಿ ಎದುರಾಳಿಯನ್ನು ಗುದ್ದುವುದು, ಆಮೇಲೆ ಐದು ನಿಮಿಷ ಶಿಕ್ಷೆಯ ಪೆಟ್ಟಿಗೆಯಲ್ಲಿ ಕೂರುವುದು, ಇಷ್ಟೇ ಅವನ ಕೆಲಸ. ಜನವರಿಯ ಒಂದು ಮಧ್ಯಾಹ್ನದ ಪಂದ್ಯಕ್ಕೆ 'ಗುದ್ದಾಟದ ಶನಿವಾರ' ಎಂದು ಪೋಸ್ಟರ್ ಅಂಟಿಸಿದರು.

ಆ ದಿನ ಡ್ವೇನ್ ಮೂರು ಸಲ ಗುದ್ದಾಡಿದ. ಮೂರನೆಯ ಸಲ ಮುಂದಿನ ಹಲ್ಲೊಂದು ಬೇರುಸಮೇತ ಕಿತ್ತು ಐಸಿನ ಮೇಲೆ ಬಿತ್ತು. ಯಾರೋ ತಂದುಕೊಟ್ಟರು. ನಳಿನಾಕ್ಷಿ ಅದನ್ನು ಒಣಗದಂತೆ ಹಾಲಿನ ಲೋಟದಲ್ಲಿಟ್ಟು, ಅವನ ತುಟಿಗೆ ಹೊಲಿಗೆ ಹಾಕಿ, ಹಲ್ಲನ್ನು ಕೂರಿಸಲು ಅಣಿಯಾದಳು. ಅಷ್ಟರಲ್ಲಿ ದ್ವಾರಕಾನಾಥ ಒಳಗೆ ಬಂದ.

"ಡಾಕ್ಟ್ರೇ, ಆ ಹಲ್ಲು ಕೊಡಿ. ಲಾಟರಿ ಎತ್ತಿ ಒಬ್ಬರಿಗೆ ಕೊಡ್ತೀವಿ ಅಂತ ಮೈಕಲ್ಲಿ ಅನೌನ್ಸ್ ಮಾಡಿಸಿಬಿಟ್ಟೆ."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಏನ್ ಮಾತಾಡ್ತೀರಿ? ಇನ್ನ ಇಪ್ಪತ್ತು ನಿಮಿಷದಾಗ ಕೂಡ್ರಿಸಿದ್ರ ಇದು ಹತ್ತಿಕೊಳ್ತೈತಿ. ಇದು ಅವನ ಹಲ್ಲು."

"ಅವನ್ನೇ ಕೇಳೋಣ" ಎಂದು ದ್ವಾರಕಾನಾಥ ಡ್ವೇನನ ಭುಜದ ಮೇಲೆ ಕೈಯಿಟ್ಟ. "ಏನಪ್ಪ ಡ್ವೇನ್, ಟೀಮಿಗೋಸ್ಕರ?" ಎಂದು ಇಂಗ್ಲಿಷಿನಲ್ಲಿ ನಕ್ಕ.

ಡ್ವೇನ್ ಮೊದಲು ನಳಿನಾಕ್ಷಿಯನ್ನು, ಆಮೇಲೆ ಯಜಮಾನನನ್ನು ನೋಡಿದ. "ಕೊಟ್ಟುಬಿಡಿ, ಡಾಕ್" ಎಂದ. "ನಿನಗೆ ತಿಳೀತಾ? ಮತ್ತೆ ಸಿಗೋದಿಲ್ಲ" ಎಂದು ಅವಳು ಎರಡೆರಡು ಸಲ ಹೇಳಿದಳು. ಅವನು ತುಟಿ ಬಿಗಿದುಕೊಂಡ. ಬಲವಂತವಾಗಿ ಬಾಯಿ ತೆರೆಸುವ ಹಾಗಿರಲಿಲ್ಲ. ದ್ವಾರಕಾನಾಥ ಟಿಶ್ಯೂ ಹಿಡಿದು ಲೋಟಕ್ಕೆ ಎರಡು ಬೆರಳು ಇಳಿಸಿದ.

ಲಾಟರಿ ಬಂದದ್ದು ಕಲಬುರ್ಗಿ ಕಡೆಯ ಅಮರೇಶ್ವರನಿಗೆ. ವ್ಯಾನಿನಲ್ಲಿ ಬಂದವರಲ್ಲಿ ಒಬ್ಬ. ಪ್ಲಾಸ್ಟಿಕ್ ಡಬ್ಬಿ ಎತ್ತಿಹಿಡಿದು ಕ್ಯಾಮೆರಾಗಳಿಗೆ ನಕ್ಕ. ಜನ ಎದ್ದು ಚಪ್ಪಾಳೆ ತಟ್ಟಿದರು. ಆಮೇಲೆ ಕಾರಿಡಾರಿನಲ್ಲಿ ಕಸದ ಡಬ್ಬದ ಮೇಲೆ ಬಗ್ಗಿ ಓಕರಿಸುತ್ತಿದ್ದ ಅವನನ್ನು ನಳಿನಾಕ್ಷಿ ಕಂಡಳು.

"ಮೇಡಂ, ಇದಕ್ಕ ಇನ್ನೂ ರಕ್ತ ಅದ. ಒಗದ್ರ ಸರ್ ಸಿಟ್ಟಾಗ್ತಾರೇನ್ರಿ?"

ಅವಳು ಡಬ್ಬಿ ಇಸಿದುಕೊಂಡು ಪರ್ಸಿಗೆ ಹಾಕಿದಳು. ನೆಟ್ಟಗೆ ದ್ವಾರಕಾನಾಥನ ಬಳಿ ಹೋದಳು.

"ನಾಳಿಂದ ನಾ ಬರಂಗಿಲ್ಲ. ನಿಮ್ಮ ಮಾರಿ ನೋಡಿದ್ರ ನನಗ ಹೇಸಿಗಿ ಬರ್ತೈತಿ."

"ಯಾಕೆ ಡಾಕ್ಟ್ರೇ? ಅವನೇ ಕೊಟ್ಟ ಅಲ್ವಾ?" ಅವನಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ವೀರೇಂದ್ರ, "ಅಷ್ಟು ಒರಟಾಗಿ ಅನ್ನಬಾರದಿತ್ತು, ನಾಳೆ ನಾಲ್ಕು ಜನ ಸೇರುವಲ್ಲಿ ಎದುರಾಗುವವರು" ಎಂದ.

ಗುದ್ದಾಟದಿಂದಲೂ ತಂಡ ಉದ್ಧಾರವಾಗಲಿಲ್ಲ. ಕೊನೆಯ ಸ್ಥಾನದಲ್ಲೇ ಸೀಸನ್ ಮುಗಿಸಿತು, ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ಅದೇ ತಿಂಗಳು ಡ್ವೇನ್ ಕ್ಲಿನಿಕ್ಕಿಗೆ ಬಂದ. ಗುದ್ದಾಟದ ಶನಿವಾರವಾಗಿ ಎರಡೇ ವಾರಕ್ಕೆ ಅವನನ್ನು ತೆಗೆದುಹಾಕಿದ್ದರಂತೆ. ಆಗಿನಿಂದ ಒಂದು ಗೋದಾಮಿನಲ್ಲಿ ಸಾಮಾನು ಎತ್ತುತ್ತಿದ್ದ; ಈಗ ಊರಿಗೆ ಹೊರಟಿದ್ದ.

ಕೃತಕ ಹಲ್ಲು ಕಟ್ಟುತ್ತ ಅವಳು ಕೇಳಿದಳು: "ಯಾಕೆ ಕೊಟ್ಟೆ?"

"ಕೊಟ್ಟರೆ ನನ್ನನ್ನು ಟೀಮಿನಲ್ಲಿ ಇಟ್ಟುಕೊಳ್ಳುತ್ತಾನೆ ಅಂದುಕೊಂಡೆ" ಎಂದ ಡ್ವೇನ್. ಆಮೇಲೆ, "ನೀವು ಇನ್ನೊಂದು ಸಲ ಬೇಡ ಅಂದಿದ್ದರೆ ನಾನು ಕೇಳುತ್ತಿದ್ದೆನೋ ಏನೋ" ಎಂದ. ಅವನ ಮಾತಿನಲ್ಲಿ ದೂರು ಇರಲಿಲ್ಲ.

ಅವನು ಹೋದ ಮೇಲೆ ಮುಂದಿನ ಪೇಶಂಟ್ ಕಾಯುತ್ತಿದ್ದಾರೆಂದು ನರ್ಸ್ ಎರಡು ಸಲ ಬಂದು ಹೇಳಿದಳು. ನಳಿನಾಕ್ಷಿ ಸಿಂಕಿನ ಮುಂದೆ ಕೈ ತೊಳೆಯುತ್ತಲೇ ಇದ್ದಳು.