ಮಿಲ್ಲಿನ ಮೇಲಿನ ಕೋಣೆ

ಕೊರೊನಾದ ಮೂರನೇ ಅಲೆ ಊರೂರಿಗೆ ಹಬ್ಬುತ್ತಿದ್ದ ವರ್ಷದ ಸಂಕ್ರಾಂತಿ. ತುಂಗಭದ್ರಾ ಡ್ಯಾಮಿನ ಕಾಲುವೆ ಆಫೀಸಿನಲ್ಲಿ ಕೆಲಸ ಮಾಡುವ ತ್ರಿವೇಣಿ ಹಬ್ಬಕ್ಕೆ ಕಂಪ್ಲಿಯ ತವರಿಗೆ ಹೊರಟಿದ್ದಳು. ತವರೆಂದರೆ ತಮ್ಮ ವೀರೇಶನ ಅಕ್ಕಿ ಮಿಲ್ಲು, ಅದರ ಪಕ್ಕದ ಮನೆ, ಮತ್ತು ಸೋದರತ್ತೆ ಕೊಟ್ರಮ್ಮ. ತಾಯಿಯಿಲ್ಲದ ಇಬ್ಬರನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದವಳು ಅವಳೇ. ಈಗ ಅವಳಿಗೆ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ತನ್ನಿಂದ ಅವಳಿಗೆ ಸೋಂಕು ತಗಲೀತೆಂಬ ಭಯಕ್ಕೇ ತ್ರಿವೇಣಿ ಎರಡು ವರ್ಷದಿಂದ ಅತ್ತೆಯ ಮುಖವನ್ನು ಫೋನಿನಲ್ಲಷ್ಟೇ ನೋಡಿದ್ದಳು.

ಹಿಂದಿನ ದಿನ ಹೊಸಪೇಟೆಯ ಮೆಡಿಕಲ್ ಶಾಪಿನಲ್ಲಿ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವ ಕಿಟ್ ಕೇಳಿದಾಗ ಅಂಗಡಿಯವನು, "ಒಮ್ಮೆ ನೋಡಿದ್ರ ಸಾಲಂಗಿಲ್ರಿ ಮೇಡಂ, ಇನ್ನೊಂದು ಇಟ್ಕೊಳ್ರಿ" ಎಂದಿದ್ದ. ಸಂಜೆಯ ಪರೀಕ್ಷೆಯಲ್ಲಿ ಒಂದೇ ಗೆರೆ ಬಂದು ಅವಳು ನಿರಾಳವಾಗಿ ಮಲಗಿದಳು. ಬೆಳಿಗ್ಗೆ ಗಂಟಲು ಸ್ವಲ್ಪ ಕೆರೆಯುತ್ತಿತ್ತು. ಚಳಿಗಾಳಿ ಇರಬೇಕು ಎಂದುಕೊಂಡು ಮಾಸ್ಕ್ ಹಾಕಿ ಸ್ಕೂಟರ್ ಹತ್ತಿದಳು.

ದಾರಿಯುದ್ದಕ್ಕೂ ಹಳೆಯ ಸಂಕ್ರಾಂತಿಗಳೇ ನೆನಪಾದವು. ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ, ಮಿಲ್ಲಿನ ಆಳುಕಾಳುಗಳ ಸಮೇತ ಎಲ್ಲರೂ ಹೊಳೆಗೆ ಹೋಗುತ್ತಿದ್ದರು. ಅತ್ತೆ ಮೈಗೆ ಎಳ್ಳು ತಿಕ್ಕಿ ಹೊಳೆಯಲ್ಲಿ ಮುಳುಗಿಸಿದರೆ ಉಸಿರೇ ನಿಂತಂತಾಗುತ್ತಿತ್ತು. ಆಮೇಲೆ ಬಂಡೆಯ ಮೇಲೆ ಕೂತು ಸಜ್ಜೆ ರೊಟ್ಟಿ, ಪುಂಡಿಪಲ್ಯ, ಬೆಲ್ಲದ ಮಾದಲಿ. ಅಂಥ ಹಸಿವು ಮತ್ತೆ ಯಾವತ್ತೂ ಆಗಿರಲಿಲ್ಲ.

ಮಿಲ್ಲಿನ ಗೇಟು ದಾಟಿದಾಗ ಗಂಟಲು ಮತ್ತೆ ಕೆರೆಯಿತು. ಮನೆಯೊಳಗಿಂದ ಅತ್ತೆಯ ದನಿ ಕೇಳುತ್ತಿತ್ತು. ತ್ರಿವೇಣಿ ಒಳಗೆ ಹೋಗಲಿಲ್ಲ. ಹೊರಗಿನ ಮೆಟ್ಟಿಲು ಹತ್ತಿ ಮಿಲ್ಲಿನ ಮೇಲಿನ ಕೋಣೆಗೆ ಹೋಗಿ ಉಳಿದಿದ್ದ ಕಿಟ್ ಬಿಚ್ಚಿದಳು. ಕಡ್ಡಿಯನ್ನು ಮೂಗಿನೊಳಗೆ ತಿರುಗಿಸಿದಾಗ ಕಣ್ಣಲ್ಲಿ ನೀರು ಬಂತು. ಹನಿ ಬಿಟ್ಟು ಪಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮೊದಲ ಗೆರೆ ಗಾಢವಾಗಿ ಮೂಡಿತು. ಹತ್ತು ನಿಮಿಷದ ಮೇಲೆ ಅದರ ಪಕ್ಕದಲ್ಲಿ ಇನ್ನೊಂದು, ಅಳಿಸಿದ ಕುಂಕುಮದಷ್ಟು ತೆಳ್ಳಗೆ.

ಬೆಳಕಿಗೆ ಹಿಡಿದು ನೋಡಿದಳು. ಇದೆಯೋ ಇಲ್ಲವೋ ಎನ್ನುವಂಥ ಗೆರೆ. ನೋಡಿದವರು ಯಾರೂ ಇರಲಿಲ್ಲ. ಕಸಕ್ಕೆ ಹಾಕಿ ಕೆಳಗಿಳಿದು ಅತ್ತೆಯನ್ನು ತಬ್ಬಿಕೊಂಡಿದ್ದರೆ ಕೇಳುವವರೂ ಇರಲಿಲ್ಲ. ಅವಳು ವೀರೇಶನಿಗೆ ಫೋನ್ ಮಾಡಿದಳು.

"ನಿನ್ನೆ ಇಲ್ಲ ಅಂದದ್ದು ಇವತ್ತು ಐತಿ ಅಂತೈತಿ. ಇಂಥದ್ದನ್ನ ಹೆಂಗ ನಂಬಾದಕ್ಕ?" ಎಂದ ಅವನು.

"ನಿನ್ನೆ ಪರೀಕ್ಷೆ ನಿನ್ನೆದಷ್ಟೇ ಹೇಳ್ತೈತಪ. ಅತ್ತಿನ್ನ ಮ್ಯಾಲ ಬಿಡಬ್ಯಾಡ. ನೀವೆಲ್ಲ ಹೊಳಿಗೆ ಹೋಗ್ರಿ."

ಸ್ವಲ್ಪ ಹೊತ್ತಿನಲ್ಲೇ ಕೊಟ್ರಮ್ಮ ಅಂಗಳಕ್ಕೆ ಬಂದು, ಕೈ ಮರೆ ಮಾಡಿ ಕಿಟಕಿಯತ್ತ ನೋಡಿದಳು. "ಅದಾ ಕ್ವಾಣ್ಯಾಗಲ್ಲೇನ ನಿನಗ ಅಮ್ಮ ಬಂದಾಗ ಮಲಗಿಸಿದ್ದು? ನಾ ನಿನ್ನ ಬಿಟ್ಟು ಎದ್ದಿದ್ನೇನು?"

ಎದ್ದಿರಲಿಲ್ಲ. ಚಿಕ್ಕಂದಿನಲ್ಲಿ, ಊರವರು ಅಮ್ಮ ಎನ್ನುವ ಸೀತಾಳೆ ಸಿಡುಬು ಮೈತುಂಬ ಎದ್ದಾಗ ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಒಳಗೇ ಉಳಿದಿದ್ದಳು. ತುರಿಕೆಯಾದಲ್ಲೆಲ್ಲ ಬೇವಿನ ಎಲೆ ಸವರುತ್ತ, ಮಿಲ್ಲಿನ ಸದ್ದಿನ ಮೇಲೆ ಹಾಡು ಹೇಳುತ್ತಿದ್ದಳು.

"ಅದು ನೀ ಸಣ್ಣಾಕಿದ್ದಾಗ ನಿನಗೂ ಬಂದು ಹೋಗಿತ್ತತ್ತಿ, ಮತ್ತ ತಗಲತಿರಲಿಲ್ಲ. ಇದು ಹಂಗಲ್ಲ. ಮೆಟ್ಟಿಲ ಹತ್ತಬ್ಯಾಡ, ನಿನಗ ಕೈ ಮುಗೀತೀನಿ" ಎಂದಳು ತ್ರಿವೇಣಿ ಕಿಟಕಿಯಿಂದ.

ಕೊಟ್ರಮ್ಮ ಮೆಟ್ಟಿಲ ಕಡೆ ನೋಡಿದಳು. ಒಂದು ಕ್ಷಣ ಹೊರಟೇಬಿಟ್ಟಳೇನೋ ಅನ್ನಿಸಿತು. ಆಮೇಲೆ ತಿರುಗಿ, "ವೀರೇಶಾ, ಟ್ರ್ಯಾಕ್ಟರ್ನ್ಯಾಗಿನ ಬುತ್ತಿ ಇಳಸ್ಲೇ. ಎಲ್ಲಾರೂ ಇಲ್ಲೇ ಉಣ್ಣಣ" ಎಂದು ಕೂಗಿದಳು.

ಭತ್ತ ಒಣಹಾಕುವ ಅಂಗಳದಲ್ಲಿ ಚಾಪೆಗಳು ಬಿದ್ದವು. ವೀರೇಶ ಅಕ್ಕನ ಪಾಲಿನ ಬುತ್ತಿಯನ್ನು ಮೇಲಿನ ಮೆಟ್ಟಿಲ ಮೇಲಿಟ್ಟು ಇಳಿದು ಹೋದ. ತ್ರಿವೇಣಿ ಕಿಟಕಿಯಲ್ಲಿ ಕೂತು ರೊಟ್ಟಿ ಮುರಿದಳು. ಕೆಳಗೆ ಕುರ್ಚಿಯಲ್ಲಿ ಕೂತ ಅತ್ತೆ ಏದುಸಿರಿನ ನಡುವೆಯೇ ಸತ್ತುಹೋದ ಎತ್ತುಗಳ ಹೆಸರು, ಮಾರಿಹೋದ ಗಾಡಿಯ ಬಣ್ಣ, ಊರು ಬಿಟ್ಟವರ ಸುದ್ದಿಯನ್ನೆಲ್ಲ ಮೇಲಕ್ಕೆ ಕೂಗಿ ಹೇಳಿದಳು. ಮರೆತಿದ್ದನ್ನು ತ್ರಿವೇಣಿ ಕೆಳಕ್ಕೆ ಕೂಗಿ ನೆನಪಿಸಿದಳು. ಜ್ವರ ಏರುತ್ತಿದ್ದರೂ ಹೊಟ್ಟೆತುಂಬ ಉಂಡಳು.

ಮನೆಯಲ್ಲಿ ಬೇರೆ ಯಾರಿಗೂ ಅದು ತಗಲಲಿಲ್ಲ. ವಾರದ ಮೇಲೆ, ವೀರೇಶ ತಂದಿಟ್ಟ ಹೊಸ ಕಿಟ್‌ಗಳಲ್ಲೊಂದು ಮತ್ತೆ ಒಂದೇ ಗೆರೆ ತೋರಿಸಿದರೂ ತ್ರಿವೇಣಿ ನಂಬದೆ, ಒಂದು ದಿನ ಬಿಟ್ಟು ಇನ್ನೊಮ್ಮೆ ನೋಡಿಕೊಂಡೇ ಕೆಳಗಿಳಿದಳು. ಅಡುಗೆಮನೆಯಲ್ಲಿ ಕೂತಿದ್ದ ಕೊಟ್ರಮ್ಮ ಅವಳ ಎರಡೂ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಭಾಳ ಸೊರಗೀಯಲ್ಲೇ" ಎಂದಳು. "ಕುಂದ್ರು, ಹಾಲು ಕಾಸ್ತೀನಿ."