ಕೆಂಪು ಪೆನ್ನಿನ ಎರಡು ಗೀರು

ವಾಗದರಿಯಲ್ಲಿ ಎಂಟನೆಯ ತರಗತಿಗೆ ಶಾಲೆ ಬಿಟ್ಟ ನಾನು ಮೂರು ವರ್ಷದಿಂದ ಸೊಲ್ಲಾಪುರದಲ್ಲಿ ಕಾಶೀಬಾಯಿಯವರ ಮನೆಗೆಲಸಕ್ಕಿದ್ದೇನೆ. ಅವರು ನಿವೃತ್ತ ಇಂಗ್ಲಿಷ್ ಶಿಕ್ಷಕಿ. ಸಂಜೆ ನಾಲ್ಕೈದು ಹುಡುಗಿಯರು ಪಾಠಕ್ಕೆ ಬರುತ್ತಾರೆ. ಕಾಶೀಬಾಯಿಯವರ ಕಣ್ಣಿಗೆ ಪೊರೆ ಬಂದ ಮೇಲೆ ನೋಟುಬುಕ್ಕನ್ನು ನಾನು ಅಕ್ಷರ ಕೂಡಿಸಿ ಓದುತ್ತಿದ್ದೆ, ಅವರು ಹೇಳಿದಲ್ಲಿ ಕೆಂಪು ಪೆನ್ನಿನಿಂದ ಗೀರು ಎಳೆಯುತ್ತಿದ್ದೆ. ಹಾಗೆಯೇ ಒಂದಿಷ್ಟು ಕಲಿತೆ. ಒಬ್ಬರೇ ಸಾಲಾಗಿ ಎರಡು ಮೂರು ಕೆಲಸ ಮಾಡಿದ್ದರೆ ಇಂಗ್ಲಿಷಿನಲ್ಲಿ ಹ್ಯಾಡ್ (had) ಎಂಬ ಪದ ಮೊದಲು ಒಮ್ಮೆ ಬಂದರೆ ಸಾಕು, ಮುಂದಿನವನ್ನು ಬಿಡಬಹುದು ಎನ್ನುತ್ತಿದ್ದರು.

ಕಣ್ಣಿನ ಆಪರೇಶನ್ನಿಗೆ ಹೋಗುವಾಗ, ತಾವು ಬರುವವರೆಗೆ ನೋಟುಬುಕ್ಕು ಮುಟ್ಟಬೇಡ ಎಂದಿದ್ದರು. ನಾನು ಮುಟ್ಟಿದೆ. ನನಗೂ ಬರುತ್ತದೆ ಎಂದು ಯಾರಿಗಾದರೂ ಗೊತ್ತಾಗಲಿ ಎನಿಸಿತ್ತು. ಪಾಠಕ್ಕೆ ಬರುವ ಗಾರ್ಗಿಯ ನೋಟುಬುಕ್ಕಿನ ಕೊನೆಯ ಪುಟದ ಒಂದೇ ವಾಕ್ಯದಲ್ಲಿ ಮೂರು ಹ್ಯಾಡ್ ಇದ್ದವು. ನನಗೆ ಕಂಡದ್ದು ಅಷ್ಟೇ. ಎರಡನ್ನು ಹೊಡೆದುಹಾಕಿದೆ.

ಮರುದಿನ ನೋಟುಬುಕ್ಕು ಒಯ್ಯಲು ಬಂದ ಗಾರ್ಗಿ ಆ ಪುಟ ನೋಡುತ್ತ ಬಾಗಿಲಲ್ಲೇ ನಿಂತಳು.

"ಅಕ್ಕಾ, ಇದು ಹೋಂವರ್ಕ್ ಅಲ್ಲ. ಬಾಯಿಯವ್ರಿಗೆ ತೋರಿಸಿ ಆಯಿ ಫೋಟೋ ಮುಂದ ಇಡೋದಿತ್ತು."

ಅವಳ ತಾಯಿ ತೀರಿಕೊಂಡು ಆ ವಾರಕ್ಕೆ ವರ್ಷವಾಗುತ್ತಿತ್ತು. ನನಗದು ಗೊತ್ತಿತ್ತು. ಅವಳು ನೋಟುಬುಕ್ಕು ತೆಗೆದುಕೊಂಡು ಹೋದಳು; ಪಾಠ ಮತ್ತೆ ಶುರುವಾದಾಗ ಬರಲಿಲ್ಲ.

ಕಣ್ಣಿನ ಪಟ್ಟಿ ಬಿಚ್ಚಿ ಬಂದ ಕಾಶೀಬಾಯಿಗೆ ಎಲ್ಲ ಹೇಳಿ, ನೆನಪಿದ್ದಷ್ಟು ವಾಕ್ಯ ಒಪ್ಪಿಸಿದೆ. ಅವರು ಕನ್ನಡದಲ್ಲಿ ಅರ್ಥ ಹೇಳಿದರು. ಆ ಮುಂಜಾನೆ ತಾಯಿ ಅವಳ ಜಡೆ ಹಾಕಿದ್ದಳು, ಡಬ್ಬಿ ಕಟ್ಟಿದ್ದಳು, ಗೇಟಿನತನಕ ಬಂದಿದ್ದಳು.

ಆಮೇಲೆ ಅಂದರು: "ಹೊಡದದ್ದು ತಪ್ಪಲ್ಲ ನಂದಾ. ಬಿಟ್ಟಿದ್ರೂ ತಪ್ಪಾಗ್ತಿರಲಿಲ್ಲ. ತಾಯಿ ಮಾಡಿದ್ದು ಒಂದೊಂದೂ ಬ್ಯಾರೆ ಬ್ಯಾರೆ ಇರ್ಲಿ ಅಂತ ಬರದಾಳ ಆಕಿ."

ಅವರಿಂದ ಹೇಳಿಸಿಕೊಂಡು ಬಿಳಿ ಹಾಳೆಯ ಮೇಲೆ ಆ ವಾಕ್ಯವನ್ನು ಮೂರೂ ಹ್ಯಾಡ್ ಇಟ್ಟು ಬರೆದೆ. ಸಾತ್ ರಸ್ತಾದ ಹತ್ತಿರ ಇರುವ ಗಾರ್ಗಿಯ ಮನೆಗೆ ನಡೆದು ಹೋದೆ. ವರ್ಷಾಂತಿಕ ಮುಗಿದಿತ್ತು. ಒಳಗೆ ಫೋಟೋಕ್ಕೆ ಹಾಕಿದ ಹಾರ ಬಾಡಿತ್ತು. ಗಾರ್ಗಿ ಹಾಳೆಯನ್ನು ನಿಧಾನವಾಗಿ ಓದಿ, ಮಡಚಿ ನನಗೇ ಕೊಟ್ಟಳು.

"ಸರಿ ಐತಿ ಅಕ್ಕಾ. ಆದ್ರ ಇದು ನಿಮ್ಮ ಅಕ್ಷರ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನೀರು ಕುಡಿದು ಹೋಗಿ ಎಂದಳು. ತಂದುಕೊಟ್ಟ ನೀರನ್ನು ನಿಂತೇ ಕುಡಿದೆ.